ಬಿಳಿಮೀನಿಗೆ ಅತ್ತೆಯ ಗೀರು

ದೊಡ್ಡ ಸರೋವರದ ಉತ್ತರ ತೋಳು,
ಪುಟ್ಟಗಲ್ಲು ಬಿಡಾರ,
ಡಿಸೆಂಬರ್ 4, 1957

ಪ್ರೀತಿಯ ಮೊಯೀಸ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ರಾತ್ರಿ ಬೆವರುವುದು ನಿಂತಿತೇ? ಕಿಟಕಿ ಪಕ್ಕದ ಮಂಚ ಕೊಡುತ್ತೇವೆ ಎಂದಿದ್ದರಲ್ಲ, ಕೊಟ್ಟರೇ? ಮೊದಲು ಇದಕ್ಕೆಲ್ಲ ಉತ್ತರ ಬರೆ, ಮಿಕ್ಕಿದ್ದು ಆಮೇಲೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಾಯಿಗಳಂತೂ ಕೊಬ್ಬಿ ಹೋಗಿವೆ, ಜಾರುಬಂಡಿಗೆ ಕಟ್ಟಿದರೆ ಮೈಮುರಿಯುತ್ತಾ ನನ್ನ ಮುಖ ನೋಡುತ್ತವೆ. ನಿನ್ನ ಕಾಗದ ನೀರು ಹೆಪ್ಪುಗಟ್ಟುವ ಮುಂಚಿನ ಕೊನೆಯ ವಿಮಾನದಲ್ಲಿ ಬಂತು. ಆಮೇಲೆ ಸರೋವರ ಅತ್ತ ನೀರೂ ಅಲ್ಲ, ಇತ್ತ ನೆಲವೂ ಅಲ್ಲ ಅನ್ನುವ ಹಾಗಾಗಿ, ಯಾವ ವಿಮಾನವೂ ಇಳಿಯಲಿಲ್ಲ. ಅಷ್ಟೂ ದಿನ ನಿನ್ನ ಕಾಗದದ ಕೊನೆಯ ಮಾತನ್ನು ಎದೆಯ ಮೇಲೆ ಹೊತ್ತುಕೊಂಡೇ ಮಲಗಿದ್ದೇನೆ. ಇವತ್ತು ಬೆಳಿಗ್ಗೆ ಮೊದಲ ವಿಮಾನ ಸರೋವರದ ಮಂಜುಗಡ್ಡೆಯ ಮೇಲೆ ಜಾರಿ ನಿಂತಿತು. ನೀನಿನ್ನೂ ಎಡ್ಮಂಟನ್ನಿನ ಆಸ್ಪತ್ರೆಯಲ್ಲೇ ಇದ್ದೀಯ, ಎಲ್ಲೂ ಎದ್ದು ಹೋಗಿಲ್ಲ ಎಂದು ಪಾದ್ರಿಗಳು ಪೈಲಟ್ ಹತ್ತಿರ ಹೇಳಿ ಕಳಿಸಿದ್ದರು. ಅದನ್ನು ಕೇಳಿದ ಮೇಲೆ ಹೋದ ಜೀವ ಬಂದಂತಾಯಿತು. ಪೈಲಟ್ ಪಕ್ಕದ ಬಿಡಾರಕ್ಕೆ ತೊಗಲು ತರಲು ಹೋಗಿದ್ದಾನೆ, ಅವನು ತಿರುಗಿ ಬರುವುದರೊಳಗೆ ಇದನ್ನು ಮುಗಿಸಬೇಕು.

ಅತ್ತೆ ನನ್ನ ಮಗ್ಗುಲಲ್ಲೇ ಕೂತಿದ್ದಾರೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕಂತೆ. "ನನ್ ಮಗನಿಗೆ ನನ್ ವಿಷಯ ಏನೇನು ಚಾಡಿ ಬರೀತೀಯೋ ನನಗೇನ್ ಗೊತ್ತು" ಅನ್ನುತ್ತಾರೆ. ಆದ್ದರಿಂದ ಈ ಕಾಗದದಲ್ಲಿ ಅವರ ಬಗ್ಗೆ ಒಳ್ಳೆಯದೇ ಇರುತ್ತದೆ, ಹುಷಾರಾಗಿ ಓದು. (ಈ ಸಾಲಿಗೂ ಬೈಸಿಕೊಂಡೆ.)

ಮೊಯೀಸ್, ಊಟ ಬಿಟ್ಟಿದ್ದೇನೆ ಎಂದು ನೀನು ಬರೆದಿದ್ದೆ. ಅಲ್ಲಿನ ರೊಟ್ಟಿ ಸೋಪಿನ ಹಾಗಿದೆ, ಬೇಯಿಸಿದ ಆಲೂಗಡ್ಡೆಗೆ ವಾಸನೆಯೇ ಇಲ್ಲ, ಬಾಯಿಗೆ ಇಟ್ಟರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು. ಮೈಯಲ್ಲಿ ಸ್ವಲ್ಪವಾದರೂ ಮಾಂಸ ತುಂಬದೆ ಶ್ವಾಸಕೋಶಕ್ಕೆ ಕತ್ತರಿ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೊನೆಯಲ್ಲಿ, ಸಾಯುವುದೇ ಆದರೆ ಮನೆಯಲ್ಲಿ ಸಾಯುತ್ತೇನೆ, ಎದ್ದು ಬಂದುಬಿಡುತ್ತೇನೆ ಎಂದು ಬರೆದೆಯಲ್ಲ, ಅದನ್ನೂ ಅತ್ತೆಗೆ ಓದಿ ಹೇಳಿದೆ. ಅವರು ಒಲೆಗೆ ಒಂದು ಕಟ್ಟಿಗೆ ತುರುಕಿ, "ನೊಯೆಲ್ಲೂ ಹೀಗೇ ಎದ್ದು ಬಂದಿದ್ದ" ಎಂದರು. ಅಷ್ಟೇ. ಹಾಗೆ ಬಂದ ನಿನ್ನ ಗೆಳೆಯನನ್ನು ಹೋದ ವಸಂತದಲ್ಲಿ ನಾವೇ ಅಲ್ಲವೇ ಮಣ್ಣು ಮಾಡಿದ್ದು? ಆಮೇಲೆ ಅತ್ತೆ, "ಅವನಿಗೆ ಮೀನು ಹೋಗ್ಬೇಕು. ನನ್ ಕೈಯಿಂದಾನೇ ಹೋಗ್ಬೇಕು. ಬಲೆ ತೆಗಿ" ಎಂದರು.

ನೀನಿಲ್ಲದೆ ಮಂಜಿನಡಿ ಬಲೆ ಹಾಕುವುದೆಂದರೇನು ಎಂದು ನಿನಗೆ ಗೊತ್ತು. ಮಂಜು ನನ್ನ ಭಾರ ಹೊರುವಷ್ಟು ಗಟ್ಟಿಯಾದ ದಿನವೇ ಹೊರಟೆವು. ಅತ್ತೆಯನ್ನು ಬಂಡಿಯಲ್ಲಿ ಕೂರಿಸಿ, ತುಪ್ಪಳದ ಹೊದಿಕೆ ಹೊದಿಸಿ, ದಡಕ್ಕೆ ಹತ್ತಿರ ನಿಲ್ಲಿಸಿದೆ. ಅಲ್ಲಿಂದಲೇ ಅಧಿಕಾರ. ನಾನು ಉಳಿಯಿಂದ ಸಾಲಾಗಿ ತೂತು ಕೊರೆದು, ಮೊದಲ ತೂತಿನಲ್ಲಿ ಉದ್ದನೆಯ ಕೋಲು ಬಿಟ್ಟು, ಅದರ ಬಾಲಕ್ಕೆ ಬಲೆ ಎಳೆಯುವ ಹಗ್ಗ ಕಟ್ಟಿ ಮಂಜಿನಡಿಯಲ್ಲೇ ಮುಂದಿನ ತೂತಿಗೆ ತಳ್ಳಿದೆ. ತಳ್ಳಿದ್ದು ಜೋರಾಯಿತು. ಗಂಟು ಬಿಚ್ಚಿಕೊಂಡು ಕೋಲು ಓರೆಯಾಗಿ ಎತ್ತಲೋ ಹೋಯಿತು, ಹಗ್ಗ ನನ್ನ ಕೈಯಲ್ಲಿ ಉಳಿಯಿತು. ದಡದಿಂದ ಕೂಗು ಬಂತು: "ಏನೇ ಅದೆಲ್, ನಿಮ್ಮಪ್ಪನ ಸರೋವರದಲ್ಲಿ ಕೋಲು ತಾನಾಗೇ ನಡ್ಕೊಂಡು ಹೋಗ್ತಿತ್ತಾ? ಹೊಟ್ಟೆ ಮೇಲೆ ಮಲಕ್ಕೊಂಡು ಹುಡುಕು, ಹೋಗು!" ಮಲಗಿದೆ. ಹೊಸ ಮಂಜು, ಗಾಜಿನ ಹಾಗೆ. ಎರಡೂ ಕೈಯಿಂದ ಕಣ್ಣಿನ ಪಕ್ಕ ಮರೆಮಾಡಿಕೊಂಡು ನೋಡಿದರೆ ನನ್ನ ಮೂಗಿನ ಕೆಳಗೇ ಬಿಳಿಮೀನುಗಳು ಸಾಲು ಹಿಡಿದು ಹೋಗುತ್ತಿವೆ, ಯಾವ ಗಡಿಬಿಡಿಯೂ ಇಲ್ಲ. ಕೋಲನ್ನು ಮರೆತು ಅದನ್ನೇ ನೋಡುತ್ತಾ ಮಲಗಿಬಿಟ್ಟೆ. ನೀನು ಪಕ್ಕದಲ್ಲಿ ಮಲಗಿ ನೋಡುತ್ತಿದ್ದೀಯ ಅನ್ನಿಸಿ ಅಳು ಬಂತು. ಕಣ್ಣೀರು ರೆಪ್ಪೆಗೆ ಅಂಟಿಕೊಂಡು ಗಟ್ಟಿಯಾಯಿತು. "ಸತ್ತೋದ್ಯಾ ಏನೇ?" ಎಂದು ಅತ್ತೆ ಕೂಗಿದ ಮೇಲೆ ಎದ್ದೆ. ಕೋಲು ಸಿಕ್ಕಿತು, ಬಲೆಯೂ ಕೂತಿತು.

ಮಾರನೆಯ ದಿನ ಎಳೆದರೆ ಬಲೆ ತುಂಬ ಮೀನು. ಮೊದಲ ಮೀನಿನ ಒಂದು ತುಂಡನ್ನು ಅತ್ತೆ ಬೆಂಕಿಗೆ ಕೊಟ್ಟು ನಿನ್ನ ಹೆಸರು ಹೇಳಿದರು. ಆಮೇಲೆ ತಲೆಗಳನ್ನು ಬೇಯಿಸಿದೆ, ಪಿತ್ತಜನಕಾಂಗವನ್ನು ಅದರದೇ ಎಣ್ಣೆಯಲ್ಲಿ ಹುರಿದೆ, ಮೊಟ್ಟೆಯನ್ನು ಹಿಟ್ಟಿಗೆ ಕಲಸಿ ರೊಟ್ಟಿ ಮಾಡಿದೆ. ಕೆನ್ನೆಯ ಮಾಂಸವನ್ನು ನಿನಗೆಂದು ಎತ್ತಿಟ್ಟು, ಆಮೇಲೆ ನೆನಪಾಗಿ ಇಬ್ಬರೂ ಹಂಚಿಕೊಂಡು ತಿಂದೆವು. ಮದುವೆಯಾಗಿ ಬಂದ ದಿನ ತವರಿನ ಕೊಬ್ಬಿದ ಟ್ರೌಟ್ ಮೀನು ತಿಂದು ಬೆಳೆದ ನಾನು ಇದೇ ಮೀನು ಬಾಯಿಗಿಟ್ಟುಕೊಂಡು "ಇದಕ್ಕೆ ರುಚೀನೇ ಇಲ್ವಲ್ಲ" ಎಂದಿದ್ದೆನಲ್ಲ, ನಿನಗೆ ಮರೆತಿರಬಹುದು, ಅತ್ತೆಗೆ ಮರೆತಿಲ್ಲ. "ಟ್ರೌಟ್ ಊರಿನ ಮಹಾರಾಣಿಗೆ ಇವತ್ತಾದ್ರೂ ರುಚಿ ಸಿಕ್ತಾ?" ಎಂದು ಕೇಳಿದರು. ನಾನು ಚೀಪಲು ಇನ್ನೊಂದು ಮೂಳೆ ಎತ್ತಿಕೊಂಡೆ. ಇವತ್ತು ಪೈಲಟ್ ಕೂಡ ಪೊಟ್ಟಣ ಮೂಸಿ, "ರೋಗಿಗೆ ಬಿಳಿಮೀನಾ? ನಾಯಿಗಲ್ವಾ ಇದನ್ನ ಹಾಕೋದು? ಒಳ್ಳೇ ಟ್ರೌಟ್ ಇರ್ಲಿಲ್ವಾ?" ಎಂದ. ಅತ್ತೆ ನನ್ನ ಕಡೆ ತಿರುಗಿ, "ನಮ್ ನಾಯಿಗಳು ಅವನಿಗಿಂತ ಚೆನ್ನಾಗಿ ತಿಂತಾವೆ ಅಂತ ಹೇಳು" ಎಂದರು. ನಾನು ಹೇಳಲಿಲ್ಲ. ಅವನೇ ತಾನೇ ಪೊಟ್ಟಣ ಒಯ್ಯಬೇಕಾದವನು!

ಪೊಟ್ಟಣದಲ್ಲಿ ಒಂದು ಕೋಲು ತುಂಬ ಪೋಣಿಸಿದ ಒಣಮೀನು ಇದೆ. ಎಲ್ಲವನ್ನೂ ನಿನ್ನಮ್ಮನೇ ಸೀಳಿ, ಬೇಗ ಒಣಗಲೆಂದು ಚಾಕುವಿನಿಂದ ಗೀರು ಹಾಕಿ, ಹೊಗೆಗೆ ಕಟ್ಟಿದ್ದು. ಗೀರಿನ ವಿಷಯಕ್ಕೆ ನಮ್ಮಿಬ್ಬರಿಗೆ ಎಷ್ಟು ಜಗಳವಾಗಿತ್ತು ಎಂದು ನೀನು ಬಲ್ಲೆ. ನನ್ನ ತವರಿನಲ್ಲಿ ಮಾಂಸಕ್ಕೆ ಅಗಲವಾಗಿ ನೇರ ಗೀರು ಹಾಕುತ್ತಾರೆ. ಅತ್ತೆಯದು ಒತ್ತೊತ್ತಾಗಿ, ಬಾಲದ ಕಡೆಗೆ ವಾಲಿಸಿ, ಚರ್ಮ ಮುಟ್ಟುವ ಮೊದಲೇ ನಿಲ್ಲುವ ಗೀರು. ಒಣಗಿದ ಮೀನನ್ನು ದೂರದಿಂದ ನೋಡಿಯೇ ಇದು ಫಿಲೊಮೆನ್ ಕೈಯದು ಎಂದು ಸರೋವರದ ಈ ತೋಳಿನಲ್ಲಿ ಯಾರಾದರೂ ಹೇಳುತ್ತಾರೆ. ನನಗೆ ಇಷ್ಟು ವರ್ಷ ಚಾಕು ಮುಟ್ಟಲು ಬಿಟ್ಟಿರಲಿಲ್ಲ, "ನಿನ್ ಗೀರು ನಿನ್ ತಟ್ಟೇಲಿರ್ಲಿ" ಅನ್ನುತ್ತಿದ್ದರು. ಹಾಗಾಗಿ ಇದು ಅಪ್ಪಟ ಅವರದೇ. "ಬರೆದ್ಯಾ? ಎಲ್ಲಾ ನಂದೇ ಅಂತ ಬರೆದ್ಯಾ?" ಎಂದು ಕೇಳುತ್ತಿದ್ದಾರೆ. ಬರೆದಿದ್ದೇನೆ.

ನರ್ಸಮ್ಮನಿಗೆ ಹೇಳಿ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಸ್ವಲ್ಪ ಹೊತ್ತು ಇಡು, ಎಣ್ಣೆ ಮೇಲಕ್ಕೆ ಬರುತ್ತದೆ. ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಗೀರಿನ ಗುಂಟ ಒಂದೊಂದೇ ಎಸಳು ಬಿಡಿಸಿ ಬಾಯಿಗಿಡು, ಮನೆಯ ಹೊಗೆ ಇರುತ್ತದೆ. ದಿನಾ ತಿನ್ನು. ಅದರ ಜೊತೆಗೆ ಆ ಸೋಪು ರೊಟ್ಟಿಯನ್ನೂ ತಿನ್ನು. ನನಗೋಸ್ಕರ ತಿನ್ನು ಮೊಯೀಸ್. ಡಾಕ್ಟರು ಹೋಗು ಎನ್ನುವವರೆಗೂ ಆ ಮಂಚ ಬಿಟ್ಟು ಇಳಿಯಬೇಡ, ನಿನ್ನ ದಮ್ಮಯ್ಯ.

ಅತ್ತೆ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದರು. ದೇವರು ನಿನ್ನ ಉಸಿರನ್ನು ಕಾಯಲಿ. ನರ್ಸಮ್ಮನಿಗೆ ನಮ್ಮ ನಮಸ್ಕಾರ ತಿಳಿಸು.

ನಿನ್ನ,
ಅದೆಲ್

ತಾ.ಕ.: ಇದನ್ನು ವಿಮಾನದ ಪಕ್ಕ ನಿಂತು, ಪೊಟ್ಟಣದ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಇಂಜಿನ್ ಶುರುವಾಗಿದೆ, ಕೈ ಮರಗಟ್ಟಿದೆ, ಅಕ್ಷರ ಕೆಟ್ಟರೆ ಬೈಯಬೇಡ. ಅತ್ತೆ ಡೇರೆಯಲ್ಲಿದ್ದಾರೆ, ಈ ಸಾಲುಗಳನ್ನು ಅವರು ಕೇಳಿಲ್ಲ. ಮೀನು ಅವರದಲ್ಲ, ನನ್ನದು. ನೀನು ಪೊಟ್ಟಣ ಬಿಚ್ಚಿದ ಕೂಡಲೇ ಇದು ಅಮ್ಮನ ಕೈಯಲ್ಲ ಎಂದು ತಿಳಿಯುತ್ತದೆ, ಅಮ್ಮ ಹೋಗಿಬಿಟ್ಟಳು, ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಅವತ್ತೇ ಎದ್ದು ಬಂದುಬಿಡುತ್ತೀಯ ಎಂಬ ಭಯಕ್ಕೆ ಬರೆಯುತ್ತಿದ್ದೇನೆ. ಅವರು ಇದ್ದಾರೆ. ಎಲೆ ಉದುರುವ ಹೊತ್ತಿಗೆ ಒಂದು ಬೆಳಿಗ್ಗೆ ಬಲಗೈ ಸೋತಿತು, ಲೋಟ ಜಾರಿತು, ಬೆರಳು ಮತ್ತೆ ಮಡಚಲಿಲ್ಲ. ಅಷ್ಟೇ ಆದದ್ದು. ನಡೆಯುತ್ತಾರೆ, ಉಣ್ಣುತ್ತಾರೆ, ಬೈಯುತ್ತಾರೆ. ನಿನಗೆ ತಿಳಿಸಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ನನ್ನ ಬೆನ್ನ ಹಿಂದೆ ಕೂತು, ಎಡಗೈಯನ್ನು ನನ್ನ ಕೈಮೇಲಿಟ್ಟು ಚಾಕು ನಡೆಸಿ ಕಲಿಸಿದರು. ಚರ್ಮ ಹತ್ತಿರ ಬಂದಾಗ ಬೆರಳು ಒತ್ತುತ್ತಿದ್ದರು, ಅದೇ ಸಾಕು ಅನ್ನುವ ಗುರುತು. ಗೀರು ಕೆಟ್ಟ ಮೀನೆಲ್ಲ ನಾಯಿಗಳಿಗೆ ಹೋಯಿತು, ಅವು ಕೊಬ್ಬಿದ್ದು ಹಾಗೆ.

ಎಲ್ಲಕ್ಕಿಂತ ಅಡಿಯಲ್ಲಿ ಬಟ್ಟೆ ಸುತ್ತಿದ ಒಂದು ಮೀನಿದೆ. ನಾನು ಬಲೆಗೆ ಹೋದಾಗ ಅವರೊಬ್ಬರೇ ಎಡಗೈಯಲ್ಲಿ ಗೀರು ಹಾಕಿ, ನೋಡಿ, ನಾಯಿಗೆಂದು ಎಸೆದಿದ್ದರು. ನಾನು ಎತ್ತಿ ತೊಳೆದು ಕದ್ದು ಹೊಗೆಗೆ ಕಟ್ಟಿದೆ. ಗೀರು ಸೊಟ್ಟ, ಚರ್ಮ ಅಲ್ಲಲ್ಲಿ ಹರಿದಿದೆ, ಆದರೆ ನೋಡು, ಬಾಲದ ಕಡೆಗೇ ವಾಲಿದೆ. ಅಮ್ಮ ಇದ್ದಾಳೆ ಅನ್ನುವುದಕ್ಕೆ ಅದೇ ಸಾಕ್ಷಿ. ಮೊದಲು ಅದನ್ನು ತಿನ್ನು.

ಉತ್ತರ ಬರೆಯುವಾಗ ಎಲ್ಲಾ ಅಮ್ಮನದೇ ಕೈರುಚಿ, ಗೀರು ನೋಡಿದ ತಕ್ಷಣ ಗೊತ್ತಾಯಿತು ಎಂದೇ ಬರೆ. ಗಟ್ಟಿಯಾಗಿ ಓದಿ ಹೇಳುತ್ತೇನೆ. ಕೆಳಗೆ ಒಂದು ಸಾಲು ನನಗೆಂದು ಬೇರೆ ಬರೆ, ಅದನ್ನು ಓದಿ ಹೇಳುವುದಿಲ್ಲ. ನಿಜ ಹೇಳು ಮೊಯೀಸ್, ನನ್ನ ಗೀರು ಹೇಗಿದೆ?