ಏಳು ಗೇರಿನ ಸೈಕಲ್ಲು, ಈಗ ಒಂದೇ

ಬುಧವಾರ, ಮಧ್ಯಾಹ್ನ
ಪ್ರೆಸ್ಸಿನಲ್ಲಿ, ಊಟದ ಬಿಡುವು

ರೀ,

'ಪ್ರಿಯ' ಎಂದು ಬರೆಯಲು ಕೈ ಏಳುತ್ತಿಲ್ಲ. 'ಮಾನ್ಯರೇ' ಎಂದು ಬರೆದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಅರ್ಜಿ ಹಾಕಿದಂತಾಗುತ್ತದೆ. ಇಪ್ಪತ್ತು ವರ್ಷ ಕರೆದ ಹಾಗೆಯೇ ಕರೆದಿದ್ದೇನೆ.

ನಿಮ್ಮ ಕಾರ್ಡು ತಲುಪಿತು. ಭಾನುವಾರ ಬರುತ್ತೀರಿ, ಸೈಕಲ್ ಒಯ್ಯುತ್ತೀರಿ, ಅಲ್ಲಿ ರೂಮಿನಿಂದ ಕೆಲಸದ ಜಾಗ ದೂರ. ಹದಿನಾಲ್ಕು ತಿಂಗಳ ಮೇಲೆ ಬಂದ ಕಾಗದದಲ್ಲಿ ಕ್ಷೇಮ ಕೇಳಿದ್ದು ಸೈಕಲ್ಲಿನದು: 'ಚೆನ್ನಾಗಿದೆ ತಾನೆ?' ಚೆನ್ನಾಗಿದೆ. ಆದರೆ ನೀವು ಬಿಟ್ಟುಹೋದ ಸೈಕಲ್ಲಲ್ಲ ಅದು. ಬಂದು ನೋಡಿ ಎದೆ ಹಿಡಿದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಗೇರುಗಳನ್ನೆಲ್ಲ ಕಿತ್ತುಹಾಕಿದ್ದೇನೆ. ಏಳಿದ್ದದ್ದು ಈಗ ಒಂದೇ.

ಹೊಟ್ಟೆಕಿಚ್ಚಿಗೆ ಮಾಡಿದ್ದಲ್ಲ. ಪ್ರೆಸ್ಸಿನ ಕಡೆಗಿದ್ದ ಒಂದೇ ಬಸ್ಸನ್ನು ನಿಲ್ಲಿಸಿಬಿಟ್ಟರು. ಕರಡು ತಿದ್ದುವವಳ ಸಂಬಳದಲ್ಲಿ ದಿನಾ ಆಟೊ ಹತ್ತಿದರೆ ಕೊನೆಗೆ ಆಟೊದಲ್ಲೇ ಸಂಸಾರ ಹೂಡಬೇಕು. ಮೆಟ್ಟಿಲ ಕೆಳಗೆ ನಿಮ್ಮ ಸೈಕಲ್ಲು ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು, ಥೇಟ್ ನಿಮ್ಮ ಹಾಗೆ. ಅದನ್ನು ಕಡ್ಡಿಯಣ್ಣನ ಅಂಗಡಿಗೆ ತಳ್ಳಿಕೊಂಡು ಹೋದೆ. ಚಕ್ರದ ಕಡ್ಡಿಗಿಂತ ತೆಳ್ಳಗಿದ್ದಾನೆಂದು ಆ ಹೆಸರಿಟ್ಟವರು ನೀವೇ ತಾನೆ.

"ಅಕ್ಕಾ, ಗೇರೆಲ್ಲ ಹೊಸದು ಹಾಕ್ಸಿದ್ರೆ ಇನ್ನೊಂದು ಸೈಕಲ್ಲೇ ಬರುತ್ತೆ" ಎಂದ. "ಕಿತ್ತಾಕಿ ಸಿಂಗಲ್ ಮಾಡ್ಕೊಳ್ಳಿ. ಹಿಂಚಕ್ರಕ್ಕೆ ಹಾಕೋ ಹಳೇ ಫ್ರೀವೀಲ್ ಒಂದು ನನ್ ಡಬ್ಬೀಲಿ ಬಿದ್ದಿದೆ, ಸುಮ್ನೆ ತಗೊಂಡೋಗಿ. ಕೆಲ್ಸ ಮಾತ್ರ ನೀವೇ ಮಾಡ್ಬೇಕು, ನನ್ ಬೆನ್ನು ಬಗ್ಗಲ್ಲ."

"ನಂಗೆಲ್ಲಪ್ಪ ಬರುತ್ತೆ ಇದು?" ಎಂದೆ.

"ಊರೋರ ತಪ್ಪೆಲ್ಲ ತಿದ್ತೀರಂತೆ, ಇದೊಂದು ತಿದ್ದಕ್ಕಾಗಲ್ವಾ?"

ಅವನ ಅಂಗಡಿಯ ಮುಂದೆ ಮೂರು ಭಾನುವಾರ ಹಳೇ ಪ್ರೂಫ್ ಹಾಳೆ ಹಾಸಿಕೊಂಡು ಕೂತೆ. ಅವನು ಸ್ಟೂಲಿನ ಮೇಲಿಂದ "ಅದಲ್ಲ ಅಕ್ಕಾ, ಅದರ ಪಕ್ಕದ್ದು" ಎನ್ನುತ್ತಿದ್ದ. ನಾನು ಅದನ್ನು ಬಿಟ್ಟು ಇನ್ನೆಲ್ಲವನ್ನೂ ಬಿಚ್ಚುತ್ತಿದ್ದೆ.

ಮೊದಲ ಭಾನುವಾರವೇ ನಿಮ್ಮ ಗುಟ್ಟು ಸಿಕ್ಕಿತು. ಹಿಂಚಕ್ರದ ಏಳು ಹಲ್ಲುಗಾಲಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದೆ. ಆರರ ಮೇಲೆ ತುಕ್ಕು ಹೆಪ್ಪುಗಟ್ಟಿತ್ತು. ಎಲ್ಲಕ್ಕಿಂತ ಚಿಕ್ಕದೊಂದು ಮಾತ್ರ ಥಳಥಳ ಹೊಳೆಯುತ್ತಿತ್ತು, ಸವೆದು ಸವೆದು ಅದರ ಹಲ್ಲು ಮುಳ್ಳಾಗಿತ್ತು. ಹ್ಯಾಂಡಲ್ಲಿನ ಗೇರ್ ಲಿವರಿನ ಕೇಬಲ್ ಎಳೆದೆ. ಗೇಣುದ್ದದ ತುಂಡು ಕೈಗೆ ಬಂತು.

"ಅದು ತುಂಡಾಗಿ ಎಂಟು ವರ್ಷ ಆಯ್ತಲ್ಲ ಅಕ್ಕಾ" ಎಂದ ಕಡ್ಡಿಯಣ್ಣ, ನನಗೆ ಗೊತ್ತೇ ಇದೆ ಎನ್ನುವ ಹಾಗೆ. "ಕೇಬಲ್ ಹೋದ್ರೆ ಚೈನು ಚಿಕ್ಕದ್ರ ಮೇಲೆ ಬಂದು ಕೂತ್ಬಿಡುತ್ತೆ. ಅದೇ ಎಲ್ಲಕ್ಕಿಂತ ಭಾರ. ಇಳಿಜಾರಿಗಿರೋದು, ಏರಿಗಲ್ಲ. ಹಾಕ್ಕೊಡ್ತೀನಿ ಅಂದೆ. ನಿಮ್ ಯಜಮಾನ್ರೇ, 'ಮುಂದಿನ ತಿಂಗ್ಳು ನೋಡೋಣ, ಮನೇಲಿ ಮಾತ್ರ ಹೇಳ್ಬೇಡ ಮಾರಾಯ, ಗೇರಿನ ಸೈಕಲ್ಲೇ ಬೇಕು ಅಂತ ಹಟ ಹಿಡಿದೋಳು ಅವಳೇ' ಅಂದ್ರು."

ಎಂಟು ವರ್ಷ ರೀ. ನೀರಿನ ಟ್ಯಾಂಕಿನ ಏರಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಎಷ್ಟು ಸಲ ಹತ್ತಿದ್ದೀರಿ! ನಾನು ಕ್ಯಾರಿಯರಿನ ಮೇಲೆ ಸುಖವಾಗಿ ಕೂತು "ಗೇರು ಬದಲಾಯ್ಸ್ರೀ" ಅನ್ನುತ್ತಿದ್ದೆ. ನೀವು ಟಿಕ್, ಟಿಕ್ ಎಂದು ಲಿವರ್ ಒತ್ತುತ್ತಿದ್ದಿರಿ. ಬೆನ್ನೆಲ್ಲ ಬೆವರು. ಆ ಬೆನ್ನಿಗೇ ನಾನು ಪ್ರಾಸ ಕಟ್ಟಿ ಹಾಡುತ್ತಿದ್ದೆ:

ಏಳು ಗೇರಿನ ಶೂರ,
ಏರು ಕಂಡರೆ ಭಾರ!

ನೀವು ನಗುತ್ತಿರಲಿಲ್ಲ. ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡಿದ್ದೆ. ಕಡಿಮೆಯಿದ್ದದ್ದು ಉಸಿರು.

ನಿಮ್ಮ ಬೀಗದ ಕಾರ್ಖಾನೆ ಮುಚ್ಚಿದ ಮೇಲೂ ನಾಲ್ಕು ತಿಂಗಳು ನೀವು ಬೆಳಗ್ಗೆ ಎಂಟಕ್ಕೆ ಊಟದ ಡಬ್ಬಿ ತಗುಲಿಸಿಕೊಂಡು, ಟಿಕ್ ಎನ್ನಿಸಿ ಹೊರಡುತ್ತಿದ್ದಿರಲ್ಲ, ಅದೂ ಇದೇ ಲಿವರು ತಾನೆ? ಅಲ್ಲಿಯ ಯಂತ್ರಗಳ ಹರಾಜಿನ ನೋಟೀಸು ಅಚ್ಚಾಗಲು ಬಂದದ್ದು ನನ್ನ ಮೇಜಿಗೇ. ಅದರಲ್ಲಿ ಎರಡು ತಪ್ಪಿದ್ದವು, ತಿದ್ದಿದೆ. ಆಮೇಲೆ ಓದಿದೆ. ಸಂಜೆ ನೀವು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, "ಬೀಗದ ಸಾಹೇಬರ ಬಾಯಿಗೂ ಬೀಗವೋ?" ಎಂದೆ. ಬಂದ ಸಿಟ್ಟಿಗೂ ಪ್ರಾಸದ ಅಂಗಿ ತೊಡಿಸಿಯೇ ಕಳಿಸುವವಳು ನಾನು. ಆಮೇಲೆ ಅಂದದ್ದರಲ್ಲಿ ಪ್ರಾಸವೂ ಇರಲಿಲ್ಲ. ನೀವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂದೆ. ವಾರದಲ್ಲಿ ಬೇರೆ ಊರಿನ ಕೆಲಸ ಹುಡುಕಿಕೊಂಡು ಹೊರಟಿರಿ.

ನಿಮ್ಮ ತಪ್ಪೇ ಇಲ್ಲವೆಂದು ಬರೆಯಲಾರೆ. ನಾಲ್ಕು ತಿಂಗಳು ಡಬ್ಬಿ ಕಟ್ಟಿದ ಕೈ ಇದು. ಆದರೆ ಕೆಟ್ಟದ್ದನ್ನು ಕೆಟ್ಟಿದೆ ಎಂದು ಹೇಳಿದರೆ ಅದಕ್ಕೂ ಒಂದು ಪದ್ಯ ಕಟ್ಟುವವಳ ಮುಂದೆ, ಪಾಪ, ಯಾರು ತಾನೆ ಬಾಯಿ ಬಿಡುತ್ತಾರೆ? ಇದು ನನಗೆ ಹೊಳೆದದ್ದು ಆ ಸೀಮೆಎಣ್ಣೆ ಬಟ್ಟಲಿನ ಮುಂದೆ.

ಎರಡನೆಯ ಭಾನುವಾರ ಕಡ್ಡಿಯಣ್ಣನ ಡಬ್ಬಿಯ ಫ್ರೀವೀಲ್ ಕೂರಿಸಿದೆ. ಮುಂದಿನ ಹಲ್ಲುಗಾಲಿಯೂ ಹಿಂದಿನದೂ ಒಂದೇ ಗೆರೆಯಲ್ಲಿರಬೇಕಂತೆ, ಇಲ್ಲವಾದರೆ ಚೈನು ಕಳಚುತ್ತದಂತೆ. ಪ್ರೆಸ್ಸಿನ ಸ್ಟೀಲ್ ಪಟ್ಟಿ ತಂದು ಹಿಡಿದೆ. ಎರಡು ವಾಷರಿನಷ್ಟು ವ್ಯತ್ಯಾಸವಿತ್ತು, ಸರಿ ಮಾಡಿದೆ.

ಮೂರನೆಯ ಭಾನುವಾರ ಎಡವಟ್ಟಾಯಿತು. ಗೇರು ಹೋದ ಮೇಲೆ ಚೈನು ಉದ್ದವಾಗುತ್ತದೆ, ಕತ್ತರಿಸಬೇಕು. ಹೆಚ್ಚಾಗಿ ಕಂಡದ್ದನ್ನು ಹೊಡೆದುಹಾಕುವುದೇ ನನ್ನ ಹೊಟ್ಟೆಪಾಡು. "ಅಳತೆ ಹಿಡೀರಿ ಅಕ್ಕಾ" ಎಂದು ಕಡ್ಡಿಯಣ್ಣ ಕೂಗುವಷ್ಟರಲ್ಲಿ ಎರಡು ಕೊಂಡಿ ಹೆಚ್ಚೇ ಹೋಗಿದ್ದವು. ಚಕ್ರವನ್ನು ಎಷ್ಟು ಮುಂದಕ್ಕೆ ತಂದರೂ ತುದಿಗೆ ತುದಿ ಮುಟ್ಟಲಿಲ್ಲ. ನಮ್ಮ ಪ್ರೆಸ್ಸಿನಲ್ಲಾದರೆ ತಪ್ಪಿ ಹೊಡೆದುಹಾಕಿದ ಮಾತಿನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆದರೆ ಸಾಕು, ಮಾತು ಉಳಿದುಕೊಳ್ಳುತ್ತದೆ. ಚೈನಿಗೆ ಚುಕ್ಕಿ ಇಡಲು ಬರುವುದಿಲ್ಲ. ಕಸದ ಡಬ್ಬಿಗೆ ಕೈಹಾಕಿ ಆ ಎರಡು ಕೊಂಡಿ ಹುಡುಕಿ, ತೊಳೆದು, ಮರಳಿ ಸೇರಿಸಿದೆ. ಹೆಬ್ಬೆರಳಿನ ಉಗುರೊಂದು ಹೋಯಿತು. ಸೇರಿಸಿದ ಜಾಗ ಇನ್ನೂ ಸ್ವಲ್ಪ ಬಿಗಿ. ಚೈನು ಒಂದು ಸುತ್ತು ಬಂದಾಗಲೆಲ್ಲ ಟಿಕ್ ಎನ್ನುತ್ತದೆ. ಎಣ್ಣೆ ಹಾಕಿದರೆ ಹೋಗುತ್ತದೆ ಎಂದ. ನಾನು ಹಾಕಿಲ್ಲ.

ಆರು ವಾರದಿಂದ ಅದರಲ್ಲೇ ಓಡಾಡುತ್ತಿದ್ದೇನೆ. ಟ್ಯಾಂಕಿನ ಏರಿನಲ್ಲಿ ಮೊದಮೊದಲು ಇಳಿದು ತಳ್ಳುತ್ತಿದ್ದೆ. ಹೋದ ವಾರ ಇಳಿಯದೆ ಹತ್ತಿದೆ, ಹಿಂದೆ ಯಾರೂ ಕೂತಿರಲಿಲ್ಲ ಎನ್ನುವುದು ಬೇರೆ ಮಾತು.

ಸೈಕಲ್ಲು ನಿಮ್ಮದು. ಭಾನುವಾರ ಹತ್ತರ ಹೊತ್ತಿಗೆ ಮೆಟ್ಟಿಲ ಕೆಳಗೆ ಒರೆಸಿ ನಿಲ್ಲಿಸಿರುತ್ತೇನೆ, ಗಾಳಿ ತುಂಬಿಸಿರುತ್ತೇನೆ. ನಾನು ಹೇಗಾದರೂ ಹೋಗುತ್ತೇನೆ, ಬಿಡಿ. (ಇಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡಿ.)

ಇಂತಿ,
ನೀವು 'ಲೇ' ಎನ್ನುತ್ತಿದ್ದವಳು

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಅಭ್ಯಾಸಬಲದಿಂದ ಇನ್ನೊಮ್ಮೆ ಓದಿದೆ. ತಪ್ಪು ಒಂದೇ ಸಿಕ್ಕಿತು. ಆ ಸಾಲನ್ನು ಹೊಡೆದುಹಾಕಿದ್ದು. ಅದು 'ಸೈಕಲ್ಲು ಒಯ್ಯುವುದು ಬೇಡ, ನೀವೇ ಬಂದುಬಿಡಿ' ಎಂದಿತ್ತು. ಅದರ ಕೆಳಗೆ ಈಗ ಚುಕ್ಕಿ ಇಟ್ಟಿದ್ದೇನೆ. ಅಂಚಿನಲ್ಲಿ ಏನು ಬರೆದಿದ್ದೇನೆಂದು ನೋಡಿಕೊಳ್ಳಿ. ಚುಕ್ಕಿಗಳನ್ನು ಮಾತ್ರ ಎಣಿಸಬೇಡಿ, ನಾಲ್ಕಾರು ಹೆಚ್ಚೇ ಬಿದ್ದಿವೆ.