ಶೀಶೆಯಲ್ಲಿ ಕೊಟ್ಟ ಗಂಟು

ಮಿಯಾಪುರ, ಹೈದರಾಬಾದ್. ಜುಲೈ ೮, ೨೦೨೪. ನನ್ನ ಹೆಂಡತಿ ಕಾವ್ಯಾಳ ಕುತ್ತಿಗೆಯಿಂದ ತೆಗೆದ ಗಂಟು ಪರೀಕ್ಷಿಸಲಾಗದಷ್ಟು ಕೆಟ್ಟಿದೆ ಎಂಬ ವರದಿ ಇಂದು ಬಂತು.

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ರೋಗಿಯ ಮೈಯಿಂದ ಕತ್ತರಿಸಿದ ತುಣುಕನ್ನು ಮನೆಯವರ ಕೈಗಿತ್ತು ಹೊರಗಿನ ಲ್ಯಾಬ್‌ಗೆ ಕಳಿಸುವ ನಿಮ್ಮ ಪದ್ಧತಿಯ ವಿರುದ್ಧ ಇದನ್ನು ಬರೆಯುತ್ತಿದ್ದೇನೆ. ಜೂನ್ ೨೯ರ ಶನಿವಾರ ಸಂಜೆ ನಾನು ಬಿಲ್ ಕಟ್ಟುವ ಸಾಲಿನಲ್ಲಿದ್ದಾಗ ನಿಮ್ಮ ಸಿಬ್ಬಂದಿ ಶೀಶೆಯನ್ನು ಹಿಂದಿ ಅಷ್ಟಾಗಿ ಬಾರದ ನನ್ನ ಅತ್ತೆ ಬಸಲಿಂಗಮ್ಮನವರಿಗೆ ಕೊಟ್ಟು, ಜೋಪಾನ ಎಂದು ಹಿಂದಿಯಲ್ಲಿ ಹೇಳಿದರಂತೆ. ಒಳಗಿನ ದ್ರವ ಏನು, ಅದು ಏಕಿರಬೇಕು ಎಂದು ಹೇಳಲಿಲ್ಲ. ಅಮೀರ್‌ಪೇಟ್‌ನ ಲ್ಯಾಬ್ ಮುಚ್ಚಿತ್ತು. ಸೋಮವಾರ ನಾನು ಅಲ್ಲಿಗೆ ಒಯ್ಯುವವರೆಗೆ ಶೀಶೆ ಮನೆಯಲ್ಲೇ ಉಳಿಯಿತು.

ಅತ್ತೆ ಜೋಪಾನವನ್ನೇ ಮಾಡಿದರು. ಕಣ್ಣು ಉರಿಸುವ ಆ ದ್ರವವನ್ನು ಚೆಲ್ಲಿ, ಲಿಂಗಪೂಜೆಯ ನೀರು ತುಂಬಿ, ದೇವರ ಜಗಲಿಯ ಮೇಲಿಟ್ಟರು. ವರದಿ ನೋಡಿ ಕೇಳಿದಾಗ, “ಮಗಳ ಮೈಯಾಗಿನ ತುಣುಕು ಐತಿ, ವಿಷದಾಗ ಹೆಂಗ ಇಡೂದರಿ?” ಎಂದರು. ಇದನ್ನು ನಿಮ್ಮ ಕಚೇರಿ ‘ಕುಟುಂಬದ ನಿರ್ಲಕ್ಷ್ಯ’ ಎಂದಿತು. ಜಗಲಿಯ ಮೇಲಿಟ್ಟು ಕಾಯ್ದವರನ್ನು ಹಾಗೆನ್ನಲು ಎಷ್ಟು ಧೈರ್ಯ ಬೇಕು?

ಮೈಯಿಂದ ಬೇರ್ಪಟ್ಟ ಜೀವಕೋಶಕ್ಕೆ ರಕ್ತ ತರುವ ಆಮ್ಲಜನಕವಿಲ್ಲ. ಅದು ತನ್ನನ್ನೇ ಕರಗಿಸಿಕೊಳ್ಳತೊಡಗುತ್ತದೆ. ಬರೀ ನೀರಿನಲ್ಲಿಟ್ಟರೆ ನೀರು ಪೊರೆ ದಾಟಿ ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಚೆಲ್ಲಿಹೋದ ಫಾರ್ಮಲಿನ್ ಇದ್ದದ್ದು ಇವೆರಡನ್ನೂ ತಡೆಯಲೆಂದೇ. ನಾನು ಇದನ್ನು ಓದಿ ತಿಳಿದದ್ದು ಇವತ್ತು. ನಿಮ್ಮಲ್ಲಿ ಶೀಶೆ ತುಂಬುವವರಿಗೆಲ್ಲ ಮೊದಲೇ ಗೊತ್ತು. ಎರಡು ವಾಕ್ಯ ಹೇಳಲು ಅವರಿಗೆ ಯಾರ ಅಪ್ಪಣೆ ಬೇಕಿತ್ತು?

ದೇಹದಲ್ಲಿ ಪ್ರತಿ ಕೋಶವೂ ಸುತ್ತಲಿನ ಕೋಶಗಳ ಸೂಚನೆಯಂತೆ ವಿಭಜನೆಗೊಳ್ಳುತ್ತದೆ, ನಿಲ್ಲುತ್ತದೆ, ಬೇಕಾದಾಗ ಸಾಯುತ್ತದೆ. ಲಕ್ಷಾಂತರ ಕೋಟಿ ಕೋಶಗಳು ಒಂದು ಮೈಯಾಗಿ ಬದುಕುವುದು ಹೀಗೆ. ಕಾವ್ಯಾಳ ಕುತ್ತಿಗೆಯಲ್ಲಿ ಯಾವುದೋ ಒಂದು ಕೋಶ ಆ ಸೂಚನೆ ಕೇಳುವುದನ್ನು ಬಿಟ್ಟಿದೆಯೇ? ನನ್ನ ಭಯ ಇಷ್ಟೇ. ಉತ್ತರ ಆ ಗಂಟಿನಲ್ಲಿತ್ತು. ಈಗ ಪಕ್ಕದಲ್ಲೇ ಇನ್ನೊಂದು ಗಂಟು ಕೈಗೆ ತಾಗುತ್ತಿದೆ. ಅದು ಮೊದಲೇ ಇತ್ತೋ, ಈಗ ಬೆಳೆದದ್ದೋ? ಅನ್ನ ಕಲಸುವಾಗಲೂ ಅವಳ ಎಡಗೈ ಅಲ್ಲಿಗೆ ಹೋಗುತ್ತದೆ; ನಾನು ನೋಡಿದರೆ ದುಪಟ್ಟಾ ಸರಿಪಡಿಸಿಕೊಳ್ಳುತ್ತಾಳೆ.

ಇನ್ನು ಮುಂದೆ ತುಣುಕನ್ನು ನಿಮ್ಮವರೇ ಲ್ಯಾಬ್‌ಗೆ ಒಯ್ಯಬೇಕು. ಮನೆಯವರಿಗೆ ಕೊಡಲೇಬೇಕಾದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಕೊಡಬೇಕು. ಕಾವ್ಯಾ ಮತ್ತೆ ನಿಮ್ಮ ಮೇಜಿನ ಮೇಲೆ ಮಲಗುವ ಮೊದಲು ಇದಕ್ಕೆ ಲಿಖಿತ ಉತ್ತರ ಕೊಡಿ.

ಎರಡನೆಯ ಗಂಟನ್ನೂ ತೆಗೆಸುವುದೆಂದು ಇಂದು ಮೂವರೂ ಕೂತು ತೀರ್ಮಾನಿಸಿದ್ದೇವೆ. “ಈ ಸಲ ನಾ ಮುಟ್ಟಂಗಿಲ್ಲ,” ಎಂದರು ಅತ್ತೆ. ಕಾವ್ಯಾ ಹೂಂ ಎಂದಿದ್ದಾಳೆ; ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ಬರೀ ‘ರೋಗಿಯ ಕಡೆಯವ’ನಾದ
ಶಿವಪ್ರಕಾಶ