ವಸುವಿನ ಇಪ್ಪತ್ತಮೂರು ಹಡಗುಗಳು

ಲೇಕ್ ಗಾರ್ಡನ್ಸ್, ಕೊಲ್ಕತ್ತಾ
ಸೋಮವಾರ, ೭ ಜುಲೈ ೨೦೨೫

ಪ್ರೀತಿಯ ವಸು,

ಅಪರ್ಣಕ್ಕನ ಮೊಣಕಾಲು ಈಗ ಹೇಗಿದೆ? ಕೋಲು ಬಿಟ್ಟು ಹಿತ್ತಿಲ ತನಕ ನಡೆದರು ಎಂದು ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನು ವರ್ಷಿಣಿಗೆ ಹೇಳಿದೆ. ಅವಳು ದೊಡ್ಡಮ್ಮನ ಪರವಾಗಿ ಅಡುಗೆಮನೆಯಲ್ಲೇ ಎರಡು ಸುತ್ತು ಕುಣಿದಳು. ನಿನ್ನ ಆರೋಗ್ಯ? ಅಕ್ಕನ ಮಾತ್ರೆಗಳನ್ನು ಗಡಿಯಾರ ನೋಡಿ ಕೊಡುವ ಗಡಿಬಿಡಿಯಲ್ಲಿ ನಿನ್ನ ಬಿ.ಪಿ. ಮಾತ್ರೆ ಮರೆತಿರುತ್ತೀಯ, ನನಗೆ ಗೊತ್ತು. ಇಲ್ಲಿ ನಾವು ಕ್ಷೇಮ. ಸೆಕೆ ಮಾತ್ರ ಮೈಮೇಲೆ ಒದ್ದೆ ಬಟ್ಟೆ ಹೊದಿಸಿದ ಹಾಗಿದೆ. ಪಕ್ಕದ ಮನೆಯ ಬೌದಿ ವಾರಕ್ಕೆ ಎರಡು ಸಲ ಶುಕ್ತೊ ಮಾಡಿ ಕಳಿಸುತ್ತಾರೆ. ಆ ಕಹಿ ಪಲ್ಯಕ್ಕೆ ಮೂಗು ಮುರಿಯುತ್ತಿದ್ದವನು ಈಗ ಬಟ್ಟಲು ಒರೆಸಿ ತಿನ್ನುತ್ತೇನೆ. ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದೆಂದು ನೀನು ಮಾಡಿಟ್ಟ ಸಾರಿನಪುಡಿ ಹಾಕಿ ಕೊಡುತ್ತಿದ್ದೇನೆ, ಅದೂ ತಳ ಕಂಡಿದೆ.

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಮಿಕ್ಕಿದ್ದೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳು. ದಿನಾ ಫೋನು ಮಾಡುವವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಹುಬ್ಬೇರಿಸಿರುತ್ತೀಯ. ಒಂದು ತಪ್ಪು ಮಾಡಿದ್ದೇನೆ. ಹೇಳಬೇಕೆಂದು ನಾಲ್ಕು ಸಲ ಫೋನು ಮಾಡಿ, ನಾಲ್ಕು ಸಲವೂ ಮಾವಿನಹಣ್ಣಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ವರ್ಷಿಣಿ ಗಡುವು ಕೊಟ್ಟಿದ್ದಾಳೆ. "ಅಪ್ಪಾ, ಇವತ್ತು ನೀನು ಹೇಳದಿದ್ರೆ ನಾನೇ ಹೇಳ್ತೀನಿ, ಐ ಆ್ಯಮ್ ಸೀರಿಯಸ್" ಎಂದು ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು. ಆ ಕಂಪ್ಯೂಟರಿನಲ್ಲಿದ್ದ ನಿನ್ನ ಆಟವನ್ನು ನಾನು ಹಾಳು ಮಾಡಿದ್ದೇನೆ, ವಸು. ಎರಡು ವರ್ಷ ನೀನು ಕೂತು ಆಡಿದ್ದೆಲ್ಲ ಹೋಯಿತು. ನಿನ್ನ ಇಪ್ಪತ್ತಮೂರು ಹಡಗುಗಳೂ ಹೋದವು. ಹೀಗೆ ಒಂದೇ ಉಸಿರಿನಲ್ಲಿ ಬರೆದುಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಅಕ್ಕನ ಆರೈಕೆಗೆಂದು ನೀನು ಧಾರವಾಡಕ್ಕೆ ಹೋಗುವಾಗ ಕಂಪ್ಯೂಟರ್ ತೋರಿಸಿ "ಬಿಲ್ ಕಟ್ಟೂದು ಬಿಟ್ಟು ಅದರಾಗ ಬ್ಯಾರೆ ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋಗಿದ್ದೆ. ಜೂನ್ ಮೂರನೆಯ ವಾರದ ಒಂದು ಮಧ್ಯಾಹ್ನ ಕರೆಂಟು ಬಿಲ್ಲು ಕಟ್ಟಿದೆ. ವರ್ಷಿಣಿ ಕಾಲೇಜಿಗೆ ಹೋಗಿದ್ದಳು. ಪೇಪರು ಎರಡು ಸಲ ಓದಿಯಾಗಿತ್ತು. ಹೊರಗೆ ಬಜ್ ಬಜ್ ಲೋಕಲ್ ರೈಲು ಹೋದ ಸದ್ದು ಕೇಳಿ ಎರಡೂವರೆಯಾಯಿತು ಅಂದುಕೊಂಡೆ, ಎರಡೂವರೆಯೇ ಆಗಿತ್ತು. ಮುಂದೇನು ಎಂದು ತೋಚದೆ ನಿನ್ನ ಆಟದ ಮೇಲೆ ಒತ್ತಿದೆ. ಈ ಆಟದ ಬಗ್ಗೆ ನಾನು ಆಡಿಕೊಂಡದ್ದು ಸ್ವಲ್ಪವೇ? ಶಾಲೆಯ ಕೆಲಸ ಬಿಟ್ಟ ಮೇಲೆ ನಿನಗೆ ಹೊತ್ತು ಹೋಗಲಿ ಎಂದು ವರ್ಷಿಣಿ ಹಾಕಿಕೊಟ್ಟಾಗ, ಬೌದಿಯ ಎದುರು, ನನ್ನ ಹಳೆಯ ಆಫೀಸಿನವರ ಎದುರು, "ನಮ್ಮ ಮನೆಯವರು ಈ ವಯಸ್ಸಿನಲ್ಲಿ ರಾಕೆಟ್ ಓಡಿಸುತ್ತಾರೆ" ಎಂದು ನಗಿಸುತ್ತಿದ್ದೆ. ನೀನು ಚಹಾ ತರಲು ಎದ್ದು ಹೋಗುತ್ತಿದ್ದೆ. ಆ ಹೊತ್ತಿಗೆ ಅದು ನನಗೆ ತಮಾಷೆಯಾಗಿಯೇ ಕಂಡಿತ್ತು.

ತೆರೆದರೆ ನಕ್ಷತ್ರಗಳ ನಡುವೆ ಒಂದು ದೊಡ್ಡ ಹಡಗು. ಭೂಮಿಯ ಬೀಜಗಳನ್ನೆಲ್ಲ ಹೊತ್ತುಕೊಂಡು ಬೇರೆ ಲೋಕಕ್ಕೆ ಹೊರಟಿದೆ. ನೀನು ಅದರ ಕಮಾಂಡರ್, ಹೆಸರು ವಸು. ಮೂವತ್ತನಾಲ್ಕು ವರ್ಷ ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಹಡಗಿನ ನಕ್ಷೆಗಳ ಜೊತೆ ಬಾಳಿದವನು ನಾನು, ಅಂಥ ತೆಳ್ಳಗಿನ ಗೋಡೆ ಕಟ್ಟಿದವನನ್ನು ಮೊದಲು ಅಮಾನತು ಮಾಡಬೇಕು. ಆದರೂ ಒಳಗೆ ತಿರುಗಾಡಿದೆ. ಅಲ್ಲಿ ಯಾರನ್ನು ಮಾತಾಡಿಸಿದರೂ ಉತ್ತರಕ್ಕೆ ಮೂರೋ ನಾಲ್ಕೋ ಸಾಲು ಬರುತ್ತವೆ, ಒಂದನ್ನು ನಾವು ಆರಿಸಬೇಕು, ಆರಿಸಿದ್ದಕ್ಕೆ ತಕ್ಕ ಹಾಗೆ ಮುಂದಿನ ಕಥೆ. ಹಡಗು ನಡೆಸುವ ಕೋಣೆಯಲ್ಲಿ ಕಮಾಂಡರಿನ ಬಲಗಡೆ ಒಂದು ಕುರ್ಚಿ ಖಾಲಿ ಇತ್ತು. ಅದು ಯಾರದು ಎಂದು ಹಡಗಿನ ವೈದ್ಯನನ್ನು ಕೇಳುವ ಸಾಲು ಒತ್ತಿದೆ. ಸಲಹೆಗಾರ ಯಂತ್ರದ್ದು, ಅದನ್ನು ದಾರಿಯ ಒಂದು ಚಂದ್ರನ ಮೇಲೆ ಬಿಟ್ಟು ಬರುವ ನಿರ್ಧಾರ ನಿಮ್ಮದೇ ಆಗಿತ್ತಲ್ಲವೇ ಕಮಾಂಡರ್, ಎಂದ. ಹಡಗಿನ ದಿನಚರಿ ತೆಗೆದು ನೋಡಿದೆ. ಆ ಯಂತ್ರಕ್ಕೆ ಆಡುವವರು ತಮಗೆ ಬೇಕಾದ ಹೆಸರು ಇಡಬಹುದಂತೆ. ನೀನು ಇಟ್ಟ ಹೆಸರು ಮೂರ್ತಿ, ನನ್ನದೇ.

ನಿಜ ಹೇಳುತ್ತೇನೆ, ಕಪಾಳಕ್ಕೆ ಬಾರಿಸಿದ ಹಾಗಾಯಿತು. ಆಟವನ್ನು ನೀನು ಅಲ್ಲಲ್ಲಿ ಉಳಿಸಿಟ್ಟ ಹಿಂದಿನ ದಾಖಲೆಗಳ ಪಟ್ಟಿ ಹುಡುಕಿ, ಆ ಚಂದ್ರನ ಮೇಲೆ ಹಡಗು ನಿಂತಿದ್ದ ಘಟ್ಟವನ್ನು ತೆರೆದೆ. ಇಂಧನ ಸಾಲದು, ಒಬ್ಬರನ್ನು ಇಳಿಸಿದರೆ ಮಾತ್ರ ಹಡಗು ಏಳುತ್ತದೆ. ಮೂರ್ತಿ ನಿನ್ನ ಪಕ್ಕದಲ್ಲೇ ನಿಂತಿದ್ದ, ಉದ್ದಕ್ಕೆ, ಬೂದು ಬಣ್ಣಕ್ಕೆ. ಯಾವ ದಾರಿ ಹೇಳಿದರೂ ಅವನದು ಒಂದೇ ಮಾತು: "ನಾಟ್ ಅಡ್ವೈಸಬಲ್, ಕಮಾಂಡರ್." ನನ್ನ ಮಾಮೂಲಿ "ಸೂಕ್ತವಲ್ಲ" ಎಂಬುದನ್ನು ಯಾರೋ ಇಂಗ್ಲಿಷಿನಲ್ಲಿ ಹೇಳಿದಂತಿತ್ತು. ನಿನಗೆ ಅಲ್ಲಿ ಎಷ್ಟು ನಗು ಬಂದಿರಬೇಕು. ನನಗೆ ಬರಲಿಲ್ಲ. ಮೊಂಡು ಹಿಡಿದು ಮೂರ್ತಿಯನ್ನು ಹಡಗಿನಲ್ಲೇ ಇಟ್ಟುಕೊಂಡೆ, ಬದಲಿಗೆ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರು ಒತ್ತಿದೆ. ಅವಳು ಬೀಜದ ಕೋಣೆ ನೋಡಿಕೊಳ್ಳುವ ಸಸ್ಯತಜ್ಞೆ, ನಿನ್ನ ಹಾಗೆಯೇ ಕನ್ನಡಕ ಹಾಕಿದ, ನಡುವಯಸ್ಸು ದಾಟಿದ ಹೆಂಗಸು. ಅವಳನ್ನು ಇಳಿಸಲು ನಾನು ಒಂದು ನಿಮಿಷವೂ ಯೋಚಿಸಲಿಲ್ಲ.

ಆಮೇಲೆ ಹತ್ತು ಮಧ್ಯಾಹ್ನ ಆಡಿದೆ. ಹಡಗಿನಲ್ಲಿ ನನ್ನೊಡನೆ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಬೀಜದ ಕೋಣೆಯಲ್ಲಿ ಸಸಿಗಳು ಒಂದೊಂದಾಗಿ ಒಣಗಿದವು. ಆದರೂ ಮೂರ್ತಿಯನ್ನು ಉಳಿಸಿದೆನೆಂಬ ಹಮ್ಮು ನನಗೆ. ಕೊನೆಗೆ ಪಟ್ಟಿ ತೆರೆದೆ. ಒಂದೇ ಹಡಗು, ಒಂದೇ ಕಮಾಂಡರ್ ಹೆಸರಿನ ಇಪ್ಪತ್ತನಾಲ್ಕು ದಾಖಲೆಗಳು, ತಾರೀಖು ಮಾತ್ರ ಬೇರೆ ಬೇರೆ. ನಕ್ಷೆ ವಿಭಾಗದ ನಿಯಮ ನಿನಗೆ ಗೊತ್ತಲ್ಲ, ಊಟಕ್ಕೆ ಕೂತಾಗಲೂ ಅದನ್ನೇ ಹೇಳಿ ನಿನ್ನ ತಲೆ ತಿಂದಿದ್ದೇನೆ. ತಿದ್ದಿದ ಹೊಸ ನಕ್ಷೆ ಬಂದ ಕ್ಷಣ ಹಳೆಯದಕ್ಕೆ ಕೆಂಪು ಮೊಹರು ಒತ್ತಿ ನಾಶ ಮಾಡಬೇಕು. ಇಲ್ಲದಿದ್ದರೆ ವೆಲ್ಡರ್ ಹಳೆಯ ನಕ್ಷೆ ಹಿಡಿದು ಹೊಸ ಹಡಗಿಗೆ ತೂತು ಕೊರೆಯುತ್ತಾನೆ. ನನ್ನ ಕೈಕೆಳಗೆ ಒಂದೇ ಒಂದು ಹಳೆಯ ನಕ್ಷೆ ತಪ್ಪಿಸಿಕೊಂಡು ಹಡಗು ಕಟ್ಟುವ ಅಂಗಳಕ್ಕೆ ಹೋದದ್ದಿಲ್ಲ. ಕೊನೆಯ ತಾರೀಖಿನದನ್ನು ಇಟ್ಟುಕೊಂಡು ಮಿಕ್ಕ ಇಪ್ಪತ್ತಮೂರನ್ನೂ ಒಂದೊಂದಾಗಿ ಅಳಿಸಿದೆ. ಪ್ರತಿ ಸಲವೂ ಯಂತ್ರ, ಖಚಿತವೇ, ಎಂದು ಕೇಳಿತು. ಪ್ರತಿ ಸಲವೂ ಹೌದು ಎಂದೆ. ಅಚ್ಚುಕಟ್ಟಾಯಿತು, ನೀನು ಬಂದಾಗ ಮೆಚ್ಚುತ್ತೀಯ ಎಂದುಕೊಂಡು ಚಹಾ ಮಾಡಿಕೊಂಡು ಕುಡಿದೆ.

ಸಂಜೆ ವರ್ಷಿಣಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಬ್ಯಾಗು ಕೂಡ ಇಳಿಸದೆ ಪರದೆಯ ಮುಂದೆ ನಿಂತುಬಿಟ್ಟಳು. "ಅಪ್ಪಾ, ಇದು ರಿವಿಷನ್ ಅಲ್ಲ. ಒಂದೊಂದೂ ಬೇರೆ ಬೇರೆ ಕಥೆ. ಅಮ್ಮ ಬೇಕಂತಲೇ ಇಟ್ಕೊಂಡಿದ್ದು" ಎಂದಳು. ಎಲ್ಲೋ ದೂರದ ಯಂತ್ರದಲ್ಲಿ ಇನ್ನೊಂದು ಪ್ರತಿ ಇರುತ್ತದೆ ಎಂದು ಒಂದು ಗಂಟೆ ತಡಕಾಡಿದಳು. ಇಲ್ಲಿ ನಾನು ಅಳಿಸಿದ್ದನ್ನು ಅದೂ ವಿಧೇಯವಾಗಿ ಅಳಿಸಿಹಾಕಿತ್ತು. ನಾನು ತಪ್ಪು ಒಪ್ಪಿಕೊಳ್ಳುವ ಬದಲು, ನಿನ್ನಮ್ಮ ನನ್ನನ್ನು ಚಂದ್ರನ ಮೇಲೆ ಬಿಟ್ಟು ಹೋಗಿದ್ದಾಳೆ, ಅದನ್ನು ಯಾರೂ ಕೇಳುವುದಿಲ್ಲವೇ, ಎಂದು ದನಿ ಏರಿಸಿದೆ. ಅವಳು ಎದ್ದು ಹೋಗಿ ಹೊಲಿಗೆ ಯಂತ್ರದ ಡ್ರಾಯರಿನಿಂದ ನಿನ್ನ ನೀಲಿ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟಳು. "ಓದು. ಅಮ್ಮ ಬೈದ್ರೆ ನನಗೇ ಬೈಲಿ."

ಓದಿದೆ, ವಸು. ಕೇಳದೆ ಓದಿದ್ದು ಇನ್ನೊಂದು ತಪ್ಪು, ಅದನ್ನೂ ಸೇರಿಸಿಕೋ. ಒಂದೊಂದು ದಾಖಲೆಗೂ ಒಂದೊಂದು ಸಂಖ್ಯೆ ಕೊಟ್ಟು, ಮಕ್ಕಳ ಪ್ರಯೋಗದ ಪುಸ್ತಕ ತಿದ್ದುವಾಗಿನ ಆ ದುಂಡು ಅಕ್ಷರದಲ್ಲಿ ಬರೆದಿದ್ದೆ. ಒಂಬತ್ತನೆಯದರಲ್ಲಿ ಮೂರ್ತಿಯನ್ನು ಬೀಜದ ಕೋಣೆಯಲ್ಲಿ ಬಚ್ಚಿಟ್ಟಿದ್ದೆ, ಭಾರ ಹೆಚ್ಚಾಗಿ ಹಡಗು ಏಳಲಿಲ್ಲ. ಹನ್ನೆರಡರಲ್ಲಿ ಅರ್ಧ ಬೀಜ ಚೆಲ್ಲಿ ನೋಡಿದ್ದೆ, ಮುಂದಿನ ಲೋಕದಲ್ಲಿ ಎಲ್ಲರೂ ಹಸಿದರು. ಹದಿನಾರರ ಮುಂದೆ ಹೀಗಿತ್ತು: "ನಾನೇ ಇಳಿದೆ. ಹಡಗು ಮೂರ್ತಿಗೆ ಕೊಟ್ಟೆ. ಅವನು ಯಾರ ಮಾತನ್ನೂ ಕೇಳದೆ ಹಾಳು ಮಾಡಿದ." ಆ ಸಾಲು ಓದಿ ನಗಬೇಕೋ ಅಳಬೇಕೋ ತಿಳಿಯದೆ ಕನ್ನಡಕ ಒರೆಸಿಕೊಂಡೆ. ಚಂದ್ರನ ಘಟ್ಟ ಬಂದ ಮೇಲಿನ ಹದಿನಾಲ್ಕು ಹಡಗುಗಳನ್ನು ನೀನು ನನ್ನನ್ನು ಕರೆದುಕೊಂಡು ಹೋಗಲು ದಾರಿ ಹುಡುಕುತ್ತ ಖರ್ಚು ಮಾಡಿದ್ದೆ. ಇಪ್ಪತ್ತಮೂರನೆಯದರ ಮುಂದೆ ಮಾತ್ರ "ಬಿಟ್ಟು ಹೊರಟೆ. ಮೂರು ದಿನ ಆಟ ತೆರೆಯಲಿಲ್ಲ" ಎಂದಿತ್ತು. ನಾನು ನೋಡಿದ್ದು ಅದೊಂದನ್ನು. ಮಿಕ್ಕಿದ್ದನ್ನೆಲ್ಲ ನನ್ನ ಕೈಯಾರೆ ಅಳಿಸಿದೆ, ಉಳಿಸಿಕೊಂಡದ್ದು ಸಸಿಗಳು ಸತ್ತ ನನ್ನ ಹಡಗನ್ನು. ನಾಚಿಕೆಯಾಗುತ್ತದೆ, ವಸು. ಬೇರೆ ಪದ ಹುಡುಕಿದೆ, ಇದೇ ಸರಿ.

ಅವತ್ತಿನಿಂದ ತಲೆಯಲ್ಲಿ ಬೇಡದ್ದೆಲ್ಲ ಓಡುತ್ತಿದೆ. ಮದುವೆಯಾದ ಎರಡನೆಯ ವರ್ಷ ಸಸ್ಯಶಾಸ್ತ್ರದಲ್ಲಿ ಸಂಶೋಧನೆಗೆ ದೂರದ ಊರಿನಲ್ಲಿ ಸೀಟು ಸಿಕ್ಕಿತು ಎಂದು ನೀನು ಬಾಲಿಗಂಜಿನಿಂದ ಮಳೆಯಲ್ಲಿ ನೆನೆದುಕೊಂಡೇ ಓಡಿ ಬಂದಿದ್ದೆ. ನಾನು ಟವೆಲ್ಲು ಕೊಡುವ ಮೊದಲೇ ಈಗ ಸೂಕ್ತವಲ್ಲ ಎಂದಿದ್ದೆ. ಯಾಕೆ ಸೂಕ್ತವಲ್ಲ ಎಂದು ನೀನು ಕೇಳಲಿಲ್ಲ, ನಾನು ಹೇಳಲೂ ಇಲ್ಲ, ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಈಗ ಜೂನ್ ಕೊನೆಯಲ್ಲಿ ಮತ್ತೆ ಅದೇ ಆಯಿತು. ಅಲ್ಲಿನ ಕಿವಿ ಕೇಳದ ಮಕ್ಕಳ ಶಾಲೆಯವರು ವಿಜ್ಞಾನ ಹೇಳಿಕೊಡಲು ಕೇಳಿದ್ದಾರೆ ಎಂದು ಫೋನಿನಲ್ಲಿ ಹೇಳಿದೆಯಲ್ಲ. "ಒಂದ ವರ್ಷ ಅಷ್ಟರೀ. ಹುಡುಗ್ರು ಭಾಳ ಛಲೋ ಅದಾವ. ನೀವೇನಂತೀರಿ?" ಎಂದು ನೀನು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ನಾನು ನಿನ್ನ ಬಿ.ಪಿ., ಧಾರವಾಡದ ಚಳಿ, ನಿನ್ನ ವಯಸ್ಸು ಎಲ್ಲವನ್ನೂ ಮುಂದೆ ಮಾಡಿ, ಸೂಕ್ತವಲ್ಲ ಎಂದೆ. ಮಾರನೆಯ ದಿನ ಜುಲೈ ಹದಿನೆಂಟಕ್ಕೆ ನೀನು ಹಿಂತಿರುಗುವ ಟಿಕೆಟ್ಟನ್ನೂ ತೆಗೆದು, ತೆಗೆದಾದ ಮೇಲೆ ನಿನಗೆ ತಿಳಿಸಿದೆ. ನೀನು "ಆತು ಬಿಡ್ರಿ" ಎಂದು ಅಪರ್ಣಕ್ಕನಿಗೆ ಫೋನು ಕೊಟ್ಟೆ.

ನೀನು ಆಟದಲ್ಲಿ ಪ್ರತಿ ದಾರಿಯನ್ನೂ ಯಾಕೆ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದೆ ಎಂಬುದು ನನಗೆ ಈಗ ಒಂದಿಷ್ಟು ಅರ್ಥವಾಗುತ್ತದೆ. ಮನೆಯಲ್ಲಿ ನಿನಗೆ ನಾಲ್ಕು ಸಾಲು ಕೊಟ್ಟು, ಯಾವುದು ಬೇಕೋ ಆರಿಸು ಎಂದವರು ಯಾರು? ಸೊಪ್ಪು ಪಾಲಕ್ಕೋ ಮೆಂತ್ಯವೋ ಎಂದು ಕೇಳಿದ್ದೇನೆ, ಅಷ್ಟೇ. ವರ್ಷಿಣಿ ನನ್ನ ಮೇಲಿನ ಸಿಟ್ಟು ಇಳಿದ ಮೇಲೆ, ಆ ನೋಟ್‌ಬುಕ್ಕಿನ ಪ್ರಕಾರ ಮೊದಲಿನಿಂದ ಆಡಿಕೊಂಡು ಬಂದರೆ ಕೆಲವನ್ನಾದರೂ ಮತ್ತೆ ಕಟ್ಟಬಹುದು ಎಂದಳು. ನಿನ್ನೆ ಮಧ್ಯಾಹ್ನ ಒಂದನೆಯದನ್ನು ಶುರು ಮಾಡಿ, ಅರ್ಧ ಗಂಟೆಗೆ ನಿಲ್ಲಿಸಿದೆ. ನಿನ್ನ ಅಕ್ಷರ ನೋಡಿಕೊಂಡು ನಾನು ಒತ್ತಿದರೆ ಅದು ನಿನ್ನದಾಗುವುದಿಲ್ಲ. ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೇನೆ. ನೋಟ್‌ಬುಕ್ಕು ಡ್ರಾಯರಿನಲ್ಲಿ ಇದ್ದಲ್ಲೇ ಇದೆ. ಬೈಯುವುದಿದ್ದರೆ ಫೋನಿನಲ್ಲಿ ಬೈ, ಈ ಸಲ ಮಾವಿನಹಣ್ಣಿನ ವಿಷಯ ಎತ್ತುವುದಿಲ್ಲ.

ಅಪರ್ಣಕ್ಕನಿಗೆ ನನ್ನ ನಮಸ್ಕಾರ ಹೇಳು, ಮೆಟ್ಟಿಲು ಹತ್ತುವ ಸಾಹಸ ಸದ್ಯಕ್ಕೆ ಬೇಡವೆನ್ನು. ಶಾಲೆಯ ಆ ಮಕ್ಕಳಿಗೆ, ಹೆಸರು ಗೊತ್ತಿಲ್ಲದಿದ್ದರೂ, ನನ್ನ ಆಶೀರ್ವಾದ. ಮಾತ್ರೆ ಮರೆಯಬೇಡ.

ನಿನ್ನ,
ನರಸಿಂಹಮೂರ್ತಿ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತು, ವರ್ಷಿಣಿ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದಾಳೆ. ಹದಿನೆಂಟರ ಟಿಕೆಟ್ಟನ್ನು ಬೆಳಗ್ಗೆ ರದ್ದು ಮಾಡಿದೆ, ಮೆಸೇಜು ಬಂದಿದ್ದರೆ ಗಾಬರಿಯಾಗಬೇಡ. ಇಲ್ಲಿ ಕೆಳಗೆ ಹೊಡೆದುಹಾಕಿದ ಸಾಲಿನಲ್ಲಿ "ಶಾಲೆಯವರಿಗೆ ಒಪ್ಪಿಕೊಂಡುಬಿಡು" ಎಂದು ಬರೆದಿದ್ದೆ. ಅದನ್ನೂ ನಾನು ಹೇಳಬಾರದು ಎಂದು ಆಮೇಲೆ ಹೊಳೆಯಿತು. ಇನ್ನೊಂದು ಮಾತು, ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆನೋ ಏನೋ. ಅವತ್ತು ಫೋನಿನಲ್ಲಿ ನಾನು ಬೇಡವೆಂದದ್ದಕ್ಕೆ ನಿನ್ನ ಬಿ.ಪಿ.ಯೂ ಕಾರಣವಲ್ಲ, ಚಳಿಯೂ ಅಲ್ಲ. ನೀನಿಲ್ಲದೆ ಒಂದು ವರ್ಷ ಇರಲು ನನಗೆ ಹೆದರಿಕೆ, ಅಷ್ಟೇ. ಆ ಹುಡುಗಿಯ ಕಾಲದಲ್ಲೂ ಅಷ್ಟೇ ಆಗಿತ್ತು, ಮಳೆಯಲ್ಲಿ ನೆನೆದುಕೊಂಡು ಓಡಿ ಬಂದವಳ ಕಾಲದಲ್ಲಿ. ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.